ಎರವಲು ಕೊಟ್ಟ ಎದೆ

ಸೈಮುಮಿನನಿಗೆ ಹೆಮ್ಮೆ ಪಟ್ಟುಕೊಳ್ಳಲು ಇದ್ದದ್ದು ಎರಡೇ. ಒಂದು ಅವನ ಕರಣೆ, ಇನ್ನೊಂದು ಅವನ ಎದೆ.

ಕರಣೆ ಹಿಡಿದನೆಂದರೆ ಗೋಡೆ ಕನ್ನಡಿಯಾಗುತ್ತಿತ್ತು. ಇಪ್ಪತ್ತೆರಡು ವರ್ಷ ರಷ್ಯಾದ ವೋಲ್ಗಾ ನದಿ ದಂಡೆಯ ಊರುಗಳಲ್ಲಿ ಗಾರೆ ಮೆತ್ತಿದ ಕೈ ಅದು. ಮೆತ್ತಿದ ಮನೆಗಳಲ್ಲಿ ಒಂದರ ಒಳಗೂ ಅವನು ಮತ್ತೆ ಕಾಲಿಟ್ಟವನಲ್ಲ, ಯಾರೂ ಬಾ ಎಂದು ಕರೆದದ್ದೂ ಇಲ್ಲ. ಎದೆಯ ಕೀರ್ತಿ ಬೇರೆ ಥರದ್ದು. ಬೆಟ್ಟದ ನಡುವಿನ ನಮ್ಮೂರು ಸಾಂಗ್‌ದರಾದಿಂದ ರಷ್ಯಾಕ್ಕೆ ಹೋದ ಗಂಡಸರು ಕೆಲಸದ ಚೀಟಿ ಮಾಡಿಸಬೇಕಾದರೆ ಪ್ರತಿ ವಸಂತದಲ್ಲೂ ಎದೆಯ ಎಕ್ಸ್‌ರೇ ತೆಗೆಸಬೇಕು. ಎದೆಯಲ್ಲಿ ಮಚ್ಚೆ ಕಂಡರೆ ಚೀಟಿ ಇಲ್ಲ, ಊರಿಗೆ ಓಡಿಸುತ್ತಾರೆ. ಸೈಮುಮಿನ್ ಸಿಗರೇಟು ಸೇದಿದವನಲ್ಲ, ನಾಲಿಗೆಯಡಿ ನಾಸ್ ಎಂಬ ಹೊಗೆಸೊಪ್ಪಿನ ಪುಡಿ ಇಟ್ಟವನಲ್ಲ. ಅವನ ಎದೆಯ ಚಿತ್ರ ಪ್ರತಿ ಸಲವೂ ಮಳೆ ನಿಂತ ಆಕಾಶದ ಹಾಗೆ ಬರುತ್ತಿತ್ತು. ಎಡಗಡೆ ಕೊರಳೆಲುಬು ಮಾತ್ರ ಸೊಟ್ಟ. ಹದಿನೇಳನೇ ವಯಸ್ಸಿನಲ್ಲಿ, ನೌರೂಜ್ ಹಬ್ಬದ ದಿನ ಕುದುರೆ ಮೇಲೆ ಕೂತು ಮೇಕೆಯ ಹೆಣಕ್ಕೆ ಕಿತ್ತಾಡುವ ಆಟದಲ್ಲಿ ಬಿದ್ದು ಮುರಿದುಕೊಂಡದ್ದು ಅದು. ಊರ ಅಜ್ಜಿಯೊಬ್ಬಳು ಕುರಿಚರ್ಮ ಸುತ್ತಿ ಕಟ್ಟಿದ್ದಳು. ಎಲುಬು ಕೂಡಿತು, ನೇರವಾಗಿ ಕೂಡಲಿಲ್ಲ.

ಸೈಮುಮಿನನ ಗುಂಪು ಇದ್ದದ್ದು ಕಟ್ಟಡದ ಪಕ್ಕ ಇಟ್ಟ ತಗಡಿನ ಡಬ್ಬಿಯಂಥ ಕೋಣೆಯಲ್ಲಿ. ಎಂಟು ಜನ, ಎರಡು ಅಂತಸ್ತಿನ ಮಂಚಗಳು, ಒಂದು ಕಿಟಕಿ. ಆ ಕಿಟಕಿಗೂ ಚಳಿಗೆ ಹೆದರಿ ಹತ್ತಿ ತುರುಕಿ ಟೇಪು ಹಚ್ಚಿಬಿಟ್ಟಿದ್ದರು. ಹಸಿರು ಚಹಾದ ಒಂದೇ ಬಟ್ಟಲು ಎಂಟು ಕೈ ಸುತ್ತುತ್ತಿತ್ತು. ನಮ್ಮಲ್ಲಿ ಹಾಗೇ. ತನಗೊಂದು ಬಟ್ಟಲು ಬೇರೆ ಇಟ್ಟುಕೊಂಡವನನ್ನು ಯಾರೂ ಮನುಷ್ಯ ಎನ್ನುವುದಿಲ್ಲ.

ಚೀಟಿಯ ಕಾಲ ಬಂದಾಗ ಮೇಸ್ತ್ರಿ ರಜಬಲಿ ಯಾರಿಗೂ ರಜೆ ಕೊಡುತ್ತಿರಲಿಲ್ಲ. ಅದಕ್ಕೇ ಗುಂಪಿನಲ್ಲಿ ಒಂದು ಏರ್ಪಾಡು ಹುಟ್ಟಿಕೊಂಡಿತ್ತು. ರಕ್ತ ಕೊಡುವುದಕ್ಕೆ ಒಬ್ಬ, ರಷ್ಯನ್ ಭಾಷೆಯ ಪರೀಕ್ಷೆಗೆ ಕೂರುವುದಕ್ಕೆ ಇನ್ನೊಬ್ಬ, ಎಕ್ಸ್‌ರೇ ಮುಂದೆ ನಿಲ್ಲುವುದಕ್ಕೆ ಸೈಮುಮಿನ್. ಅಂಗಿ ಬದಲಿಸಿ, ಟೋಪಿ ಬದಲಿಸಿ, ಇನ್ನೊಬ್ಬನ ಪಾಸ್‌ಪೋರ್ಟು ಹಿಡಿದು ಹೋಗುತ್ತಿದ್ದ. ಗಾಜಿನ ಹಿಂದೆ ಕೂತ ಹೆಂಗಸು ಫೋಟೋ ನೋಡಿದರೆ ಮುಖ ನೋಡುತ್ತಿರಲಿಲ್ಲ, ಮುಖ ನೋಡಿದರೆ ಫೋಟೋ ನೋಡುತ್ತಿರಲಿಲ್ಲ. ಅವಳ ಕಣ್ಣಿಗೆ ನಾವೆಲ್ಲ ಒಂದೇ ಅಚ್ಚಿನ ಇಟ್ಟಿಗೆಗಳು.

"ಒಬ್ಬ ಇಡೀ ಮನುಷ್ಯ ಆಗ್ಬೇಕು ಅಂದ್ರೆ ಇಲ್ಲಿ ನಮ್ಮೋರು ಮೂರು ಜನ ಬೇಕು," ಎಂದು ಖೋಲ್‌ಮುರೋದ್ ನಗುತ್ತಿದ್ದ. "ಸೈಮುಮಿನ್ ಅಕಾ, ನಿಮ್ಮ ಎದೇನ ತಂತಿ ಮೇಲೆ ಒಣಗಾಕಿ. ಬೇಕಾದೋರು ತೊಟ್ಕೊಂಡು ಹೋಗ್ತಾರೆ."

ಸೈಮುಮಿನ್ ಇದಕ್ಕೆ ಯಾರಿಂದಲೂ ಏನೂ ತೆಗೆದುಕೊಂಡವನಲ್ಲ. ನೆರೆಯವನು ಹಾರೆ ಕೇಳಿದರೆ ಕೊಡುವುದಿಲ್ಲವೇ? ಇದೂ ಹಾಗೇ ಎಂದುಕೊಂಡಿದ್ದ.

ಖೋಲ್‌ಮುರೋದನಿಗೆ ಕೊಟ್ಟದ್ದೂ ಹಾಗೇ. ಅವನು ಊರಲ್ಲಿ ಸೈಮುಮಿನನ ಬೀದಿಯವನೇ, ಮೂರು ವರ್ಷ ಚಿಕ್ಕವನು, ಅವನನ್ನು ಅಕಾ, ಅಂದರೆ ಅಣ್ಣ, ಎಂದು ಕರೆಯುತ್ತಿದ್ದವನು, ಡಬ್ಬಿಯಲ್ಲಿ ಅವನ ಮೇಲಿನ ಮಂಚ ಹಿಡಿದಿದ್ದವನು. ಆ ವಸಂತದಲ್ಲಿ ಅವನು ಎರಡು ತಿಂಗಳಿಂದ ಕೆಮ್ಮುತ್ತಿದ್ದ. ಪ್ಯಾಂಟಿಗೆ ಹಗ್ಗ ಕಟ್ಟಿಕೊಳ್ಳುವಷ್ಟು ಇಳಿದುಹೋಗಿದ್ದ.

"ಅಕಾ, ನನ್ ಎದೆ ತೋರ್ಸಿದ್ರೆ ಅಟ್ಟಿಬಿಡ್ತಾರೆ," ಎಂದ. "ಮನೆಗೆ ಹೋಗಿ ಏನ್ ಮಾಡ್ಲಿ? ಬೆಟ್ಟ ಎಣಿಸ್ಲಾ? ಈ ಒಂದು ವರ್ಷ ನಿಮ್ದು ಕೊಡಿ."

"ಕೆಮ್ಮು ಹೋಗ್ಲಿ, ಆಮೇಲೆ ನೀನೇ ಹೋಗು."

"ಹೋಗುತ್ತೆ ಬಿಡಿ. ಸಿಮೆಂಟಿನ ಧೂಳು ಇದು."

ಸೈಮುಮಿನ್ ಖೋಲ್‌ಮುರೋದನ ಟೋಪಿ ಹಾಕಿಕೊಂಡು ಹೋಗಿ ನಿಂತ. ಉಸಿರು ಎಳೆ ಎಂದರು, ಎಳೆದ. ಹಿಡಿ ಎಂದರು, ಹಿಡಿದ. ಖೋಲ್‌ಮುರೋದನಿಗೆ ಚೀಟಿ ಬಂತು. ಚೀಟಿ ಬಂದದ್ದಕ್ಕೇ ಅವನು ಡಬ್ಬಿಯಲ್ಲಿ ಉಳಿದ, ಉಳಿದದ್ದಕ್ಕೇ ಅವನ ಕೆಮ್ಮು ಆ ಟೇಪು ಹಚ್ಚಿದ ಕಿಟಕಿಯ ಒಳಗೆ ಎಂಟು ತಿಂಗಳು ಸುತ್ತಿತು. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ, ಬೂಟಿಗೆ ಕಾಲು ತೂರಿಸುತ್ತಿದ್ದವನು ಹಾಗೇ ಬಾಗಿ ಬಕೆಟ್ಟಿನ ತುಂಬ ರಕ್ತ ಕಾರಿದ. ಆಂಬುಲೆನ್ಸ್ ಬರುವ ಹೊತ್ತಿಗೆ ಒಂದು ಕಾಲಿಗೆ ಬೂಟು ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಜೇಬಿನಲ್ಲಿದ್ದ ಕಾಗದದಲ್ಲಿ ಎದೆ ಸ್ವಚ್ಛ ಎಂದು ಮೊಹರು ಇತ್ತು. ಅವನು ಪೆಟ್ಟಿಗೆಯಲ್ಲಿ ಸಾಂಗ್‌ದರಾಕ್ಕೆ ಹೋದ.

ಉಳಿದ ಏಳು ಜನ ಅದೇ ಡಬ್ಬಿಯಲ್ಲಿ ಚಳಿಗಾಲ ಕಳೆದರು. ಖಾಲಿಯಾದ ಮೇಲಿನ ಮಂಚಕ್ಕೆ, ಆ ಏಳರಲ್ಲೇ ಒಬ್ಬನಾಗಿ ಬಾಗಿಲ ಬಳಿ ಮಲಗುತ್ತಿದ್ದ ಸೈಮುಮಿನನ ಮಗ ದಿಲೋವರ್ ಹತ್ತಿದ. ಇಪ್ಪತ್ತಾರು ವರ್ಷದವನು, ಮದುವೆಯಾಗಿ ಎರಡು ವರ್ಷ, ಊರಲ್ಲಿ ಬಸುರಿ ಹೆಂಡತಿ. ಬಾಗಿಲ ಹತ್ತಿರ ಗಾಳಿ ಹೊಡೆಯುತ್ತದೆ, ಮೇಲೆ ಬೆಚ್ಚಗಿದೆ, ಹತ್ತು ಎಂದು ಅವನನ್ನು ಹತ್ತಿಸಿದವನು ಸೈಮುಮಿನನೇ. ಹಾಸಿಗೆಯನ್ನು ಜಾಡಿಸಿ ಕೊಟ್ಟವನೂ ಅವನೇ.

ಮರುವರ್ಷ ವಸಂತದಲ್ಲಿ ಹತ್ತು ಅಂತಸ್ತಿನ ಕಟ್ಟಡ ಅರ್ಧಕ್ಕೆ ನಿಂತಿತ್ತು. ಮೇಸ್ತ್ರಿ ಒಂದು ಗಂಟೆಯ ಬಿಡುವನ್ನೂ ಕೊಡಲಿಲ್ಲ.

"ನಿಮ್ಮಲ್ಲಿ ಎದೆ ಇರೋನು ಒಬ್ಬ ಇದಾನಲ್ಲ, ಅವನು ಹೋಗ್ಲಿ," ಎಂದ ರಜಬಲಿ. "ಮಿಕ್ಕೋರು ಬಕೆಟ್ ಎತ್ತಿ."

ಸೈಮುಮಿನ್ ನಾಲ್ಕು ದಿನ, ಎರಡು ಕಡೆ, ಏಳು ಹೆಸರಿನಲ್ಲಿ ಎಕ್ಸ್‌ರೇ ಮುಂದೆ ನಿಂತ. ಒಂದು ಅವನದೇ ಹೆಸರು, ಒಂದು ಮಗನದು, ಮಿಕ್ಕವು ಡಬ್ಬಿಯ ಐವರವು. ಅವನಿಗೂ ಆಗ ಸಂಜೆ ಹೊತ್ತು ಮೈ ಬಿಸಿಯಾಗುತ್ತಿತ್ತು. ದಣಿವು ಎಂದುಕೊಂಡಿದ್ದ. ಇಪ್ಪತ್ತೆರಡು ವರ್ಷ ಸ್ವಚ್ಛವಾಗಿದ್ದ ಎದೆಯ ಮೇಲೆ ಯಾರು ಅನುಮಾನ ಪಡುತ್ತಾರೆ?

ವಾರ ಕಳೆದ ಮೇಲೆ ಏಳು ಲಕೋಟೆ ಬಂದವು. ಏಳರಲ್ಲೂ ಬಲಗಡೆಯ ಮೇಲ್ಭಾಗದಲ್ಲಿ ಅಂಗೈಯಷ್ಟು ಮಚ್ಚೆ. ಏಳು ಜನಕ್ಕೂ ಕ್ಷಯ.

ಡಬ್ಬಿಯಲ್ಲಿ ಚಹಾದ ಬಟ್ಟಲು ಅಂದು ಸುತ್ತಲಿಲ್ಲ. ಕೊನೆಗೆ ದಿಲೋವರನೇ ಬಾಯಿ ಬಿಟ್ಟ.

"ನಾವೆಲ್ಲ ಗಟ್ಟಿಮುಟ್ಟಾಗಿದೀವಿ. ಹೋಗಿ ಇನ್ನೊಂದ್ಸಲ ತೆಗೆಸ್ತೀವಿ, ಅಷ್ಟೆ."

"ತೆಗೆಸಿ ಏನಂತೀಯ?" ಎಂದು ಮೇಸ್ತ್ರಿ ಹಲ್ಲು ಕಡಿದ. "ಮೊದಲನೇದು ನಂದಲ್ಲ, ನಮ್ಮಪ್ಪಂದು ಅಂತೀಯ? ಮೋಸದ ಕೇಸು ಹಾಕಿ ಒಳಗೆ ತಳ್ತಾರೆ. ರೋಗಿ ಆದ್ರೆ ಮನೆಗೆ, ಮೋಸಗಾರ ಆದ್ರೆ ಜೈಲಿಗೆ. ಯಾವುದು ಬೇಕೋ ಆರಿಸ್ಕೊಳ್ಳಿ." ಆಮೇಲೆ ಸೈಮುಮಿನನ ಕಡೆ ತಿರುಗಿ, "ಅಲ್ಲಯ್ಯಾ, ನಿನ್ನ ಎದೆ ಹಾಳಾಗಿದೆ ಅಂತ ನಿನಗೇ ತಿಳೀಲಿಲ್ವಾ? ಕತ್ತೆಗೂ ಕಾಲು ನೊಂದ್ರೆ ಗೊತ್ತಾಗುತ್ತೆ!" ಎಂದ.

ಸೈಮುಮಿನ್ ಬಾಯಿ ತೆರೆದ. ಬಂದದ್ದು ಕೆಮ್ಮು.

ಜೈಲಿಗಿಂತ ರೋಗವೇ ವಾಸಿ ಎಂದು ಏಳು ಜನರೂ ರೋಗಿಗಳಾದರು. ಅಧಿಕಾರಿಗಳು ಅವರ ಬೆರಳಚ್ಚು ಒತ್ತಿಸಿಕೊಂಡರು, ಇನ್ನು ಈ ನೆಲ ಮೆಟ್ಟಬೇಡಿ ಎಂದು ಬರೆಸಿಕೊಂಡರು, ಒಂದೇ ವಿಮಾನಕ್ಕೆ ಹತ್ತಿಸಿದರು. ಮೂರನೆಯ ಮಹಡಿಯಲ್ಲಿ ಸೈಮುಮಿನ್ ಅರ್ಧ ಮೆತ್ತಿದ ಗೋಡೆ ಹಾಗೇ ಉಳಿಯಿತು.

ಸಾಂಗ್‌ದರಾದಲ್ಲಿ ಸುದ್ದಿ ವಿಮಾನಕ್ಕಿಂತ ಮುಂಚೆ ಇಳಿದಿತ್ತು. ಕ್ಷಯ ಹತ್ತಿದ ಮನೆ ಎಂದರೆ ನಮ್ಮ ಕಡೆ ಹೆಣ್ಣು ಕೊಡುವುದಿಲ್ಲ, ಹೆಣ್ಣು ತರುವುದಿಲ್ಲ. ಒಂದು ಸಾವಿನ ಮನೆಯಲ್ಲಿ ಎಲ್ಲರೂ ಒಂದೇ ಮರದ ತಟ್ಟೆಗೆ ಕೈ ಹಾಕಿ ಮೊಸರಲ್ಲಿ ನೆನೆಸಿದ ರೊಟ್ಟಿ ತಿನ್ನುತ್ತಿದ್ದಾಗ, ಸೈಮುಮಿನನಿಗೂ ದಿಲೋವರನಿಗೂ ಬೇರೆ ಬೇರೆ ತಟ್ಟೆ ಬಂತು. ತಂದವನು ಖೋಲ್‌ಮುರೋದನ ಅಣ್ಣ. ಅವನ ತಮ್ಮನಿಂದಲೇ ರೋಗ ಹಬ್ಬಿದ್ದು! ಆದರೆ ಖೋಲ್‌ಮುರೋದ್ ಸತ್ತದ್ದು ಹೃದಯ ನಿಂತು ಎಂದು ಕಾಗದದಲ್ಲಿ ಇತ್ತು, ಎದೆ ಸ್ವಚ್ಛ ಎಂಬ ಮೊಹರೂ ಇತ್ತು. ಆ ಮೊಹರನ್ನು ಕೊಡಿಸಿದವನು ಬೇರೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ದಿಲೋವರ್ ತಟ್ಟೆ ಮುಟ್ಟದೆ ಎದ್ದುಹೋದ.

ಸೈಮುಮಿನ್ ಜಿಲ್ಲೆಯ ಕ್ಷಯದ ಆಸ್ಪತ್ರೆಗೆ ಹೋದ. ಅಲ್ಲಿನ ಡಾಕ್ಟರಮ್ಮ ಗೌಹರ್, ಮಾತಿನಲ್ಲಿ ಒರಟು, ಕೆಲಸದಲ್ಲಿ ಅಚ್ಚುಕಟ್ಟು. ಸೊಟ್ಟ ಕೊರಳೆಲುಬಿನ ಕಥೆ ಕೇಳಿ, ಕಫ ಪರೀಕ್ಷೆ ಮಾಡಿಸಿ, ಇದು ಸಾದಾ ಔಷಧಿಗೆ ಬಗ್ಗುವ ಜಾತಿಯಲ್ಲ, ಒಂದೂವರೆ ವರ್ಷ ಮಾತ್ರೆ ನುಂಗಬೇಕು, ದಿನಾ ನನ್ನ ಕಣ್ಣೆದುರೇ ನುಂಗಬೇಕು ಎಂದಳು. ಮನೆಯಲ್ಲಿ ಇನ್ನು ಯಾರಿಗಿದೆ ಎಂದು ಕೇಳಿದಳು. ಸೈಮುಮಿನ್ ಗಡೀಪಾರಿನ ಕಾಗದಗಳ ಜೊತೆ ಬಂದಿದ್ದ ತನ್ನ ಎಕ್ಸ್‌ರೇಯನ್ನೂ ಮಗನದನ್ನೂ ಮುಂದಿಟ್ಟ.

ಗೌಹರ್ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದಳು. ಮೊದಲು ಇದನ್ನು ನೋಡಿದಳು, ಆಮೇಲೆ ಅದನ್ನು, ಮತ್ತೆ ಇದನ್ನು.

"ನಿನ್ನ ಮಗನೂ ಕುದುರೆಯಿಂದ ಬಿದ್ದಿದ್ನಾ?"

"ಇಲ್ಲ ಡಾಕ್ಟರಮ್ಮ, ಯಾಕೆ?"

"ಅಪ್ಪನಿಗೂ ಮಗನಿಗೂ ಎಡಗಡೆ ಕೊರಳೆಲುಬು ಒಂದೇ ಜಾಗದಲ್ಲಿ ಸೊಟ್ಟ. ಮಚ್ಚೆ ಕೂಡ ಕೂದಲೆಳೆಯಷ್ಟೂ ಆ ಕಡೆ ಈ ಕಡೆ ಇಲ್ಲ." ಎರಡೂ ಚಿತ್ರಗಳನ್ನು ಮೇಜಿನ ಮೇಲೆ ಕುಕ್ಕಿದಳು. "ಎಷ್ಟು ಜನಕ್ಕೆ ನಿಂತೆ?"

"ಈ ಸಲ ಏಳು. ನನ್ನನ್ನೂ ಸೇರಿಸಿ."

"ಹೋದ ಸಲ?"

ಸೈಮುಮಿನ್ ಖೋಲ್‌ಮುರೋದನ ಹೆಸರು ಹೇಳಿದ. ಕೆಮ್ಮು, ಹಗ್ಗ ಕಟ್ಟಿದ ಪ್ಯಾಂಟು, ಬಕೆಟ್ಟು, ಖಾಲಿ ಮಂಚ, ಎಲ್ಲ ಹೇಳಿದ. ಅವಳು ಬರೆದುಕೊಳ್ಳುತ್ತಿದ್ದ ಕೈ ನಿಲ್ಲಿಸಿದಳು.

"ಅವನು ಮಲಗಿದ್ದ ಹಾಸಿಗೇಲಿ ನಿನ್ನ ಮಗ ಮಲಗಿದಾನೆ. ಆ ಮಗನ ಎದೆ ಇವತ್ತಿನ ತನಕ ಯಾರೂ ನೋಡಿಲ್ಲ. ಕೆಮ್ತಾನಾ?"

"ಕೆಮ್ತಾನೆ. ಧೂಳು ಅಂತಾನೆ."

"ನೀವೆಲ್ಲ ಧೂಳು ಅಂತಾನೇ ಮಣ್ಣಿಗೆ ಹೋಗ್ತೀರಿ. ಈಗ ಕರ್ಕೊಂಡು ಬಂದ್ರೆ ಉಳೀತಾನೆ. ಬಿಟ್ರೆ ಖೋಲ್‌ಮುರೋದನ ದಾರಿ. ಮಿಕ್ಕ ಐದು ಜನಾನೂ ಕರೀತೀನಿ. ಆದ್ರೆ ಮೊದಲು ಅವನು."

ಆ ದಿನದಿಂದ ಸೈಮುಮಿನನಿಗೆ ಬದುಕಿನಲ್ಲಿ ಒಂದೇ ಕೆಲಸ. ಮಗನನ್ನು ಆ ಯಂತ್ರದ ಮುಂದೆ ನಿಲ್ಲಿಸುವುದು, ಅವನ ಸ್ವಂತ ಎದೆಯ ಜೊತೆ.

ಬೆಳಿಗ್ಗೆ ಹದಿನೇಳು ಮಾತ್ರೆ ನುಂಗಿ, ರಸ್ತೆಯ ಬದಿಯಲ್ಲಿ ವಾಂತಿ ಮಾಡಿ, ಕಿವಿಯಲ್ಲಿ ಜೀರುಂಡೆಯ ಸದ್ದು ತುಂಬಿಕೊಂಡು ಮನೆಗೆ ಬರುತ್ತಿದ್ದ. ಬಂದವನು ಹಿಪ್ಪುನೇರಳೆ ಮರದ ಕೆಳಗಿನ ಜಗುಲಿಯಲ್ಲಿ, ಎಲ್ಲರಿಂದ ದೂರಕ್ಕೆ ಹಾಸಿದ ತನ್ನ ಹಾಸಿಗೆಯಲ್ಲಿ ಕೂತು ಮಗನಿಗಾಗಿ ಕಾಯುತ್ತಿದ್ದ. ಮಗ ಎದುರಿಗೆ ಬಂದರೆ ಅದೇ ಮಾತು.

"ದಿಲೋವರ್, ನಾಳೆ ಬಾ. ಒಂದು ಉಸಿರು ಹಿಡಿಯೋ ಹೊತ್ತು ಅಷ್ಟೆ."

"ನನಗೇನಾಗಿದೆ ಅಂತ ಬರ್ಲಿ ಅಪ್ಪ? ರೋಗ ನಿಮ್ಮದು. ಹೆಸರು ಮಾತ್ರ ನಂದು. ನಿಮ್ಮ ರೋಗಾನ ನನ್ನ ಹೆಸರಿಗೆ ಬರೆಸಿದ್ರಿ, ನಾನು ಬೇಡ ಅಂದ್ನಾ? ಈಗ ಔಷಧೀನೂ ನನ್ನ ಬಾಯಿಗೇ ಸುರೀಬೇಕಾ?"

"ಬರೆಸಿದ್ದು ನಾನೇ. ತಪ್ಪು ನಂದೇ. ಬೈಯಿ. ಬೈದು ಬಾ."

"ಆ ಆಸ್ಪತ್ರೆ ಬಾಗಿಲಲ್ಲಿ ಒಂದ್ಸಲ ನಿಂತ್ರೆ ಇಡೀ ಊರು ನೋಡುತ್ತೆ. ಸುಳ್ಳು ಸುಳ್ಳೇ ರೋಗಿ ಅಂದಿದ್ದಕ್ಕೆ ಬೇರೆ ತಟ್ಟೆ ಕೊಟ್ರು. ನಿಜ ಅಂತ ಆದ್ರೆ? ನನ್ನ ಮಾವ ಬಂದು ಮಗಳನ್ನ ಕರ್ಕೊಂಡು ಹೋಗ್ತಾನೆ. ಹುಟ್ಟೋ ಮಗುನೂ ಹೋಗುತ್ತೆ. ಆಮೇಲೆ ಯಾರ ಎದೆ ಎರವಲು ತರ್ತೀರಿ?"

ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಅವನ ಕುತ್ತಿಗೆ ಹಿಡಿಯಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡು, ಅಪ್ಪ ನೋಡುತ್ತಿದ್ದಾನೆಂದು ಸಿಟ್ಟು ಬಂದು, ಗೋಡೆಯ ಕಡೆ ತಿರುಗಿ ಉಗುಳಿದ.

ತಾಯಿ ಸಬ್ಜಗುಲ್ ಬಟ್ಟೆ ಒಗೆಯುವವಳು. ಬಟ್ಟೆ ಒಗೆಯುವವಳ ಕಣ್ಣಿಗೆ ಮುಚ್ಚಿಡಲು ಆಗುವುದು ಏನೂ ಇಲ್ಲ. ದಿಲೋವರನ ಅಂಗಿ ದಿನಾ ಬೆಳಿಗ್ಗೆ ಬೆವರಲ್ಲಿ ತೊಯ್ದಿರುತ್ತಿತ್ತು. ಕರವಸ್ತ್ರವನ್ನು ಅವನೇ ಒಗೆದುಕೊಳ್ಳಲು ಶುರು ಮಾಡಿದ್ದ.

"ದಿಲೋವರನ ಅಪ್ಪ," ಎಂದಳು ಒಂದು ದಿನ ಗಂಡನ ಹತ್ತಿರ, ಗೊತ್ತುಪಡಿಸಿದ ಅಂತರದಲ್ಲಿ ನಿಂತುಕೊಂಡೇ. "ನಿಮ್ಮ ಮಾತು ಅವನ ಕಿವಿಗೆ ಬೀಳಲ್ಲ. ನಾನು ನೋಡ್ಕೋತೀನಿ."

ಆ ಸಂಜೆ ದಿಲೋವರ್ ಅಂಗಳ ದಾಟುತ್ತಿದ್ದಾಗ ಸಬ್ಜಗುಲ್ ಅವನಿಗೆ ಅಡ್ಡ ನಿಂತಳು. ತಲೆಯ ಮೇಲಿನ ವಸ್ತ್ರ ಎಳೆದು ಅವನ ಕಾಲ ಮುಂದೆ ನೆಲಕ್ಕೆ ಹಾಕಿದಳು. ನಮ್ಮಲ್ಲಿ ಚೂರಿ ಹಿಡಿದು ಕಾದಾಡುವವರ ನಡುವೆ ಹೆಂಗಸು ತಲೆವಸ್ತ್ರ ಎಸೆದರೆ ಚೂರಿ ಕೆಳಗಿಳಿಯುತ್ತದೆ. ಅದನ್ನು ದಾಟಿ ಹೋದವನು ಗಂಡಸಲ್ಲ. ಅವಳ ನರೆತ ಕೂದಲನ್ನು ಮಗ ದೊಡ್ಡವನಾದ ಮೇಲೆ ಅಂಗಳದಲ್ಲಿ ನೋಡಿದ್ದು ಅದೇ ಮೊದಲು.

"ದಾಟು," ಎಂದಳು. "ದಾಟ್ತೀಯಾ? ಇಲ್ಲ, ನಾಳೆ ಆಸ್ಪತ್ರೆಗೆ ಹೋಗ್ತೀಯಾ?"

ದಿಲೋವರ್ ಬಾಗಿ ವಸ್ತ್ರ ಎತ್ತಿಕೊಂಡ. ಧೂಳು ಕೊಡವಿದ, ಕಣ್ಣಿಗೊತ್ತಿಕೊಂಡ, ಅಮ್ಮನ ತಲೆಗೆ ಹೊದಿಸಿದ.

"ಸೋಮವಾರ ಹೋಗ್ತೀನಮ್ಮ," ಎಂದ.

ಜಗುಲಿಯಲ್ಲಿ ಕೂತಿದ್ದ ಸೈಮುಮಿನ್ ಎರಡೂ ಅಂಗೈಗಳಿಂದ ಮುಖ ಸವರಿಕೊಂಡು ದೇವರನ್ನು ನೆನೆದ. ಮೂರು ದಿನ ಅವನಿಗೆ ಮಾತ್ರೆ ಕಹಿಯಾಗಲಿಲ್ಲ. ಗೌಹರಳಿಗೆ ಹೇಳಿದ್ದಾಯಿತು. ಅವಳು ಸೋಮವಾರ ಎಲ್ಲರಿಗಿಂತ ಮೊದಲು ದಿಲೋವರನದನ್ನೇ ತೆಗೆಸುತ್ತೇನೆ, ಹಿಂದಿನ ಬಾಗಿಲಿಂದ ಕರೆದುಕೊಂಡು ಬಾ, ಯಾರೂ ನೋಡುವುದಿಲ್ಲ ಎಂದಳು. ಒರಟು ಹೆಂಗಸು, ಆದರೆ ಮರ್ಯಾದೆ ಎಂದರೇನೆಂದು ತಿಳಿದವಳು.

ಸೋಮವಾರ ಸೈಮುಮಿನ್ ಬೇಗ ಹೊರಟ. ಅಪ್ಪ ಮಗ ಒಟ್ಟಿಗೆ ಹೋದರೆ ಜನ ನೋಡುತ್ತಾರೆ, ನೀವು ಮುಂದೆ ಹೋಗಿರಿ, ನಾನು ಆಮೇಲಿನ ಗಾಡಿಗೆ ಬರುತ್ತೇನೆ ಎಂದು ದಿಲೋವರನೇ ಹೇಳಿದ್ದ. ಅದೂ ಸರಿಯೇ ಅನಿಸಿತು.

ಹಿಂದಿನ ಬಾಗಿಲ ಕಲ್ಲಿನ ಮೇಲೆ ಸೈಮುಮಿನ್ ಕೂತ. ಒಂದು ಗಾಡಿ ಬಂತು, ಎರಡು ಬಂದವು. ಗೌಹರ್ ಎರಡು ಸಲ ಹೊರಗೆ ಇಣುಕಿದಳು.

"ಬರ್ತಾನೆ ಡಾಕ್ಟರಮ್ಮ. ಅವರಮ್ಮನ ತಲೆವಸ್ತ್ರ ಎತ್ತಿದಾನೆ."

"ಬರ್ಲಿ. ಯಂತ್ರ ನಾಲ್ಕು ಗಂಟೆ ತನಕ ಇರುತ್ತೆ."

ನಾಲ್ಕು ಗಂಟೆಗೆ ಯಂತ್ರದ ಸದ್ದು ನಿಂತಿತು. ಗೌಹರ್ ಬಾಗಿಲಿಗೆ ಬೀಗ ಹಾಕಿ ಬಂದು ಅವನ ಪಕ್ಕದ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸೈಮುಮಿನ್ ಮನೆಗೆ ಬಂದಾಗ ಸಬ್ಜಗುಲ್ ಹೊಸ್ತಿಲಲ್ಲಿ ಕುಸಿದು ಕೂತಿದ್ದಳು. ಅವಳ ತಲೆಯ ಮೇಲೆ, ಒಳಗೋಡೆಯ ಮೊಳೆಗೆ ಒಂದು ರೊಟ್ಟಿ ನೇತಾಡುತ್ತಿತ್ತು. ಬೆಳಿಗ್ಗೆ ತಂದೂರಿನಿಂದ ತೆಗೆದ ದುಂಡು ರೊಟ್ಟಿ. ಅಂಚಿನಲ್ಲಿ ಒಂದು ಕಚ್ಚು.

ದೂರ ಹೋಗುವವನು ಹೊಸ್ತಿಲು ದಾಟುವ ಮುಂಚೆ ಒಂದು ರೊಟ್ಟಿಯನ್ನು ಕಚ್ಚಿ ಇಟ್ಟು ಹೋಗುತ್ತಾನೆ. ಅವನು ಹಿಂತಿರುಗುವ ತನಕ ಅದು ಗೋಡೆಯಲ್ಲಿರುತ್ತದೆ. ಬಂದು ಮಿಕ್ಕದ್ದನ್ನು ಅವನೇ ತಿನ್ನಬೇಕು.

"ಹೊರಡುವಾಗ ಒಂದು ರೊಟ್ಟಿ ಕೊಡಮ್ಮ ಅಂದ," ಎಂದಳು ಸಬ್ಜಗುಲ್. "ಹಸಿವೇನೋ ಅಂದ್ಕೊಂಡೆ. ಒಂದು ಚೂರು ಕಚ್ಚಿದ, ನನ್ನ ಕೈಗೆ ವಾಪಸ್ ಇಟ್ಟ. ಆಸ್ಪತ್ರೆಗೆ ಹೋಗೋಕೆ ಯಾರಾದ್ರೂ ರೊಟ್ಟಿ ಕಚ್ತಾರಾ? ನನಗೆ ಹೊಳೆಯೋ ಹೊತ್ತಿಗೆ ಗಾಡಿ ತಿರುವು ದಾಟಿತ್ತು."

ರಷ್ಯಾದ ಬಾಗಿಲು ಮುಚ್ಚಿತ್ತು. ಅವನು ಮೊದಲೇ ತಾಯಿಯ ತವರಿನ ಹೆಸರಿಟ್ಟುಕೊಂಡು ಹೊಸ ಪಾಸ್‌ಪೋರ್ಟು ಮಾಡಿಸಿದ್ದನಂತೆ, ಕಝಾಕ್ ನಾಡಿಗೆ ಹೋದನಂತೆ. ದಿಲೋವರನ ಹೆಂಡತಿಗೆ ಮಾತ್ರ ಗೊತ್ತಿತ್ತು. ಅವಳು ಅಳುತ್ತ ಹೇಳಿದಳು. ಸೈಮುಮಿನ್ ಅವಳನ್ನು ಬೈಯಲಿಲ್ಲ. ಯಾವ ಬಾಯಿಂದ ಬೈಯುವುದು? ಹೆಸರು ಬದಲಿಸಿ ನಿಲ್ಲುವ ವಿದ್ಯೆಯನ್ನು ಮಗ ಎಲ್ಲಿ ಕಲಿತನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮಿಕ್ಕ ಐದು ಜನರಲ್ಲಿ ಇಬ್ಬರು ಗೌಹರಳ ಹತ್ತಿರ ಬಂದರು. ಇಬ್ಬರ ಎದೆಯೂ ಸ್ವಚ್ಛವಿತ್ತು. ಮೂವರು ಬರಲಿಲ್ಲ. ಅವರ ಮನೆಯ ಗೋಡೆಗಳಲ್ಲೂ ಕಚ್ಚಿದ ರೊಟ್ಟಿಗಳು ನೇತಾಡುತ್ತಿದ್ದವು. ಖೋಲ್‌ಮುರೋದನ ಮನೆಯ ರೊಟ್ಟಿಯನ್ನು ಅವನ ಹೆಂಡತಿ ಇನ್ನೂ ಇಳಿಸಿರಲಿಲ್ಲ. ಇಳಿಸಿದರೆ ತಿನ್ನುವವರು ಯಾರು?

ದಿಲೋವರನಿಗೆ ಹೆಣ್ಣುಮಗು ಹುಟ್ಟಿತು. ಸೈಮುಮಿನ್ ಅದನ್ನು ಜಗುಲಿಯಿಂದಲೇ, ಹತ್ತು ಮಾರು ದೂರದಿಂದ ನೋಡಿದ. ಚಳಿಗಾಲ ಕಳೆದು ಹಿಪ್ಪುನೇರಳೆ ಚಿಗುರಿತು. ಮಾತ್ರೆ ಅವನ ಕಿವಿಯನ್ನು ಮುಕ್ಕಾಲು ತಿಂದು ಹಾಕಿತ್ತು. ಆದರೆ ಒಂದು ದಿನ ಗೌಹರ್ ಹೊಸ ಚಿತ್ರವನ್ನು ಬೆಳಕಿಗೆ ಹಿಡಿದು, "ಮಚ್ಚೆ ಕರಗ್ತಾ ಇದೆ. ನೀನು ಉಳ್ಕೊಂಡೆ," ಎಂದಳು. ಅವನು ತಲೆ ತಗ್ಗಿಸಿಕೊಂಡು ಮನೆಗೆ ಬಂದ, ಏನೋ ಕದ್ದು ತಂದವನ ಹಾಗೆ.

ಅದೇ ವಾರ ದಿಲೋವರನ ಫೋನು ಬಂತು. ಸೈಮುಮಿನ್ ಫೋನನ್ನು ಕೇಳುವ ಕಿವಿಗೆ ಒತ್ತಿ ಹಿಡಿದ.

"ಅಪ್ಪ, ಹೇಗಿದೀರಿ? ಕಿವಿ ಕೇಳುತ್ತಾ?"

"ನೀನು ಹೇಗಿದೀಯ? ಕೆಮ್ಮು?"

"ಚಳಿಗೆ ಸ್ವಲ್ಪ ಇದೆ. ಹೆದರಬೇಡಿ." ಮಾತು ನಿಂತಿತು. ಆ ತುದಿಯಲ್ಲಿ ಅವನು ಫೋನನ್ನು ಎದೆಗೆ ಒತ್ತಿಕೊಂಡಿರಬೇಕು. ಬಟ್ಟೆಯ ಹಿಂದಿನಿಂದ ಆ ಸದ್ದು ಬಂತು, ತುಂಬ ಹೊತ್ತು ಬಂತು. ಸೈಮುಮಿನನಿಗೆ ಬೇರೆ ಯಾವ ಸದ್ದು ಕೇಳಿಸದಿದ್ದರೂ ಅದು ಕೇಳಿಸಿತು. ಖೋಲ್‌ಮುರೋದ್ ಆ ಡಬ್ಬಿಯಲ್ಲಿ ಶರತ್ಕಾಲದಲ್ಲಿ ಕೆಮ್ಮುತ್ತಿದ್ದದ್ದು ಹೀಗೇ. ಮತ್ತೆ ಮಗನ ದನಿ ಬಂತು. "ಈ ಸಲ ಕಾಗದ ಸ್ವಚ್ಛ ಬಂದಿದೆ ಅಪ್ಪ. ಎದೇಲಿ ಏನೂ ಇಲ್ಲ ಅಂತ ಮೊಹರು ಹಾಕಿ ಕೊಟ್ಟಿದಾರೆ."

"ಯಾರ ಎದೆ?"

"ಪಾಪು ಹೇಗಿದೆ ಅಪ್ಪ?" ಎಂದ ಮಗ.

"ದಿಲೋವರ್, ಯಾರ ಎದೆ ಅಂತ ಕೇಳ್ದೆ."

"ಅಲಿಶೋ ಅಂತ ಒಬ್ಬ ಇದಾನೆ. ಮದುವೆ ಗೊತ್ತಾಗಿದೆ ಅವನಿಗೆ. ಒಳ್ಳೆಯವನಪ್ಪ, ಯಾರು ಕೇಳಿದ್ರೂ ಇಲ್ಲ ಅನ್ನಲ್ಲ," ಎಂದ ದಿಲೋವರ್. "ನನ್ನ ಕೆಳಗಿನ ಮಂಚದಲ್ಲೇ ಮಲಗ್ತಾನೆ."